ಕೂಕಟ್‌ಪಲ್ಲಿ ಒಮ್ಮೆ ಊದಿದ ಸೀಟಿ

2009ರ ಮೇ 16ರಂದು ಅವಿಭಜಿತ ಆಂಧ್ರಪ್ರದೇಶದ ಮತ ಎಣಿಕೆ ಮುಗಿದಾಗ 294 ಸ್ಥಾನಗಳಲ್ಲಿ ಕಾಂಗ್ರೆಸ್ 156 ಗೆದ್ದಿತ್ತು. ತೆಲುಗುದೇಶಂ 92ಕ್ಕೆ ನಿಂತಿತ್ತು. ಹಿಂದಿನ ವರ್ಷವಷ್ಟೇ ತಿರುಪತಿಯಲ್ಲಿ ಜನಸಾಗರದ ನಡುವೆ ಹುಟ್ಟಿದ್ದ ಚಿರಂಜೀವಿಯವರ ಪ್ರಜಾರಾಜ್ಯಂಗೆ 18, ತೆಲಂಗಾಣ ರಾಷ್ಟ್ರ ಸಮಿತಿಗೆ 10. ಪಟ್ಟಿಯ ತಳದಲ್ಲಿ ಲೋಕಸತ್ತಾ ಎಂಬ ಹೆಸರಿನ ಎದುರು ಒಂದು ಎಂದಿತ್ತು. ಸೀಟಿ ಚಿಹ್ನೆ ಹಿಡಿದು 240ಕ್ಕೂ ಹೆಚ್ಚು ಕ್ಷೇತ್ರಗಳಲ್ಲಿ ನಿಂತಿದ್ದ ಆ ಪಕ್ಷ ಗೆದ್ದದ್ದು ಕೂಕಟ್‌ಪಲ್ಲಿಯಲ್ಲಿ ಮಾತ್ರ. ಗೆದ್ದವರು ಪಕ್ಷದ ಸ್ಥಾಪಕ ಡಾ. ಎನ್. ಜಯಪ್ರಕಾಶ್ ನಾರಾಯಣ್. ಕಾಂಗ್ರೆಸ್‌ನ ವಡ್ಡೇಪಲ್ಲಿ ನರಸಿಂಗರಾವ್ ಅವರನ್ನು ಅವರು 15 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದ್ದರು.

ಹಣ ಹಂಚದೆ ಚುನಾವಣೆ ಗೆಲ್ಲುವುದು ಸಾಧ್ಯವೇ ಎಂಬ ಪ್ರಶ್ನೆ ನಮ್ಮಲ್ಲಿ ಚಹದಂಗಡಿಯ ಮಾತು. ಆ ಪ್ರಶ್ನೆಗೆ ಹೈದರಾಬಾದಿನ ಈ ಮೂಲೆ ಹೌದು ಎಂದಿತ್ತು. ಐದೇ ವರ್ಷಕ್ಕೆ ಆ ಉತ್ತರ ಅಳಿಸಿಹೋಯಿತು. ಅದು ಹುಟ್ಟಿದ್ದು ಹೇಗೆ, ಉಳಿಯದೆ ಹೋದದ್ದು ಯಾಕೆ ಎಂಬುದನ್ನು ನಾವು ಕನ್ನಡಿಗರೂ ತಿಳಿದುಕೊಳ್ಳಬೇಕು. ಏಕೆಂದರೆ ಅದೇ ಸೀಟಿ ಆಮೇಲೆ ಬೆಂಗಳೂರಿನಲ್ಲೂ ಕೇಳಿಸಿತು.

ಆಂಧ್ರದಲ್ಲಿ ಜೆಪಿ ಎಂದರೆ ಇವರೇ. ತುರ್ತುಪರಿಸ್ಥಿತಿಯ ಕಾಲದ ಬಿಹಾರದ ಲೋಕನಾಯಕ ಬೇರೆ. ಇವರು ಗುಂಟೂರಿನಲ್ಲಿ ವೈದ್ಯಕೀಯ ಓದಿ, 1980ರಲ್ಲಿ ಐಎಎಸ್ ಸೇರಿದವರು. ಪ್ರಕಾಶಂ ಮತ್ತು ಪೂರ್ವ ಗೋದಾವರಿ ಜಿಲ್ಲೆಗಳ ಕಲೆಕ್ಟರ್ ಆಗಿದ್ದರು, ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾಗಿದ್ದಾಗ ಅವರ ಕಾರ್ಯದರ್ಶಿಯಾಗಿದ್ದರು. ಅಧಿಕಾರದ ಒಳಕೋಣೆಯಲ್ಲಿ ಕೂತು ನೋಡಿದ ಮೇಲೆ, ಒಳ್ಳೆಯ ಅಧಿಕಾರಿಗಳಿಂದಷ್ಟೇ ಇದು ಸರಿಹೋಗುವುದಿಲ್ಲ ಎನಿಸಿ 1996ರಲ್ಲಿ ಕೆಲಸ ಬಿಟ್ಟರು. ಲೋಕಸತ್ತಾ ಆಗ ಪಕ್ಷವಾಗಿರಲಿಲ್ಲ, ಆಂದೋಲನವಾಗಿತ್ತು. ಪೆಟ್ರೋಲ್ ಬಂಕಿನಲ್ಲಿ ಅಳತೆ ಸರಿಯಿದೆಯೇ ಎಂದು ಜನರೇ ಪರೀಕ್ಷಿಸುವುದು, ಊರಿನ ಪಂಚಾಯಿತಿಗೆ ಹಣ ಮತ್ತು ಅಧಿಕಾರ ಕೇಳುವುದು, ಸರ್ಕಾರಿ ಕಚೇರಿಯಲ್ಲಿ ಯಾವ ಕೆಲಸಕ್ಕೆ ಎಷ್ಟು ದಿನ ಎಂದು ಬೋರ್ಡ್ ಹಾಕಿಸುವುದು ಇಂಥ ಕೆಲಸಗಳಿಂದ ಅದು ಬೆಳೆಯಿತು. ಈಟಿವಿಯ ‘ಪ್ರತಿಧ್ವನಿ’ ಕಾರ್ಯಕ್ರಮದಲ್ಲಿ ಅವರು ದನಿ ಏರಿಸದೆ ಮಾತಾಡುತ್ತಿದ್ದ ರೀತಿ ತೆಲುಗು ಮನೆಗಳಿಗೆ ಪರಿಚಯವಾಯಿತು.

ಆ ಹತ್ತು ವರ್ಷಗಳ ದೊಡ್ಡ ಫಲ ಚುನಾವಣಾ ಅಫಿಡವಿಟ್. 1999ರ ಚುನಾವಣೆಯಲ್ಲೇ ಲೋಕಸತ್ತಾ ಕ್ರಿಮಿನಲ್ ಹಿನ್ನೆಲೆಯ ಅಭ್ಯರ್ಥಿಗಳ ಪಟ್ಟಿ ಮಾಡಿ ಪ್ರಕಟಿಸಿತ್ತು. ದೆಹಲಿಯಲ್ಲಿ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಹೂಡಿದ ಮೊಕದ್ದಮೆಯಲ್ಲಿ 2002ರ ಮೇ 2ರಂದು ಸುಪ್ರೀಂ ಕೋರ್ಟ್, ಅಭ್ಯರ್ಥಿಯ ಆಸ್ತಿ, ಸಾಲ, ಓದು, ಮೇಲಿರುವ ಕೇಸು ಇವನ್ನೆಲ್ಲ ತಿಳಿಯುವುದು ಮತದಾರನ ಹಕ್ಕು ಎಂದಿತು. ಸರ್ಕಾರ ಕಾನೂನು ತಿದ್ದಿ ಆ ತೀರ್ಪಿನ ಹಲ್ಲು ಕಿತ್ತಾಗ ಮತ್ತೆ ಕೋರ್ಟಿಗೆ ಹೋದವರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಜೊತೆ ಲೋಕಸತ್ತಾ ಕೂಡ ಇತ್ತು. 2003ರ ಮಾರ್ಚ್ 13ರಂದು ಆ ತಿದ್ದುಪಡಿ ಬಿದ್ದುಹೋಯಿತು. ಇಂದು ನಮ್ಮ ಪತ್ರಿಕೆಗಳು ಪ್ರತಿ ಚುನಾವಣೆಯಲ್ಲೂ ಯಾರ ಬಳಿ ಎಷ್ಟು ಕೋಟಿ, ಎಷ್ಟು ಎಕರೆ, ಎಷ್ಟು ಗ್ರಾಂ ಚಿನ್ನ ಎಂದು ಬರೆಯುತ್ತವಲ್ಲ, ಆ ಸುದ್ದಿಯ ಬೇರು ಇಲ್ಲಿದೆ. ಒಬ್ಬ ಶಾಸಕನೂ ಇಲ್ಲದ ಕಾಲದಲ್ಲಿ ಆದ ಕೆಲಸ ಇದು.

ಹಾಗಿದ್ದೂ 2006ರ ಅಕ್ಟೋಬರ್ 2ರಂದು ಆಂದೋಲನ ಪಕ್ಷವಾಯಿತು. ಹೊರಗೆ ನಿಂತು ಒಂದು ಕಾನೂನು ತಿದ್ದಿಸಬಹುದು, ಆಳುವವರನ್ನೇ ಬದಲಿಸಬೇಕಾದರೆ ಮತ ಕೇಳಲೇಬೇಕು ಎಂಬುದು ಅದರ ಹಿಂದಿನ ತರ್ಕ. ಅದು ಸರಿಯಾದ ತರ್ಕವೇ. ಮತ ಎಲ್ಲಿ ಕೇಳಬೇಕು, ಕೇಳಿದ ಮೇಲೆ ಅಲ್ಲಿ ಎಷ್ಟು ಕಾಲ ಇರಬೇಕು ಎಂಬುದರಲ್ಲಿ ತೊಡಕು ಬಂತು.

ಕೂಕಟ್‌ಪಲ್ಲಿಯೇ ಯಾಕೆ? ಹೈದರಾಬಾದಿನಿಂದ ಜಹೀರಾಬಾದ್, ಬೀದರ್ ಕಡೆ ಹೋಗುವ ನಮ್ಮ ಬಸ್ಸುಗಳು ಹಾಯುವುದು ಈ ಊರಿನ ನಡುವಿನ ಮುಂಬೈ ಹೆದ್ದಾರಿಯಲ್ಲೇ. ಒಂದು ಕಡೆ ಬಾಲಾನಗರದ ಕಾರ್ಖಾನೆಗಳು, ಇನ್ನೊಂದು ಕಡೆ ಜೆಎನ್‌ಟಿಯು ತಾಂತ್ರಿಕ ವಿಶ್ವವಿದ್ಯಾಲಯ. ನಡುವೆ, ಎಂಬತ್ತರ ದಶಕದಿಂದ ಬೆಳೆದ ಹೌಸಿಂಗ್ ಬೋರ್ಡ್ ಕಾಲೊನಿ. ಅದನ್ನು ಯಾರೂ ಪೂರ್ತಿ ಹೆಸರಿಂದ ಕರೆಯುವುದಿಲ್ಲ. ಕೆಪಿಎಚ್‌ಬಿ ಎಂದರೆ ಆಟೊದವರಿಗೆ ಗೊತ್ತು, ಆರನೇ ಫೇಸ್ ಎಂದರೆ ಅಂಚೆಯವರಿಗೆ ಗೊತ್ತು. ಗುಂಟೂರು, ಕೃಷ್ಣಾ, ಗೋದಾವರಿ ಜಿಲ್ಲೆಗಳಿಂದ ಬಂದ ನೌಕರರು, ಮೇಷ್ಟ್ರುಗಳು, ಸಣ್ಣ ಗುತ್ತಿಗೆದಾರರು ಕಂತು ಕಟ್ಟಿ ಮನೆ ಮಾಡಿಕೊಂಡ ಜಾಗ ಇದು. ಅವರ ಮಕ್ಕಳು ಇಂಜಿನಿಯರಿಂಗ್ ಓದಿ ಮಾಧಾಪುರದ ಐಟಿ ಕಂಪನಿಗಳಿಗೆ ಹೋದರು. ಮಕ್ಕಳ ಹಿಂದೆಯೇ ಹಾಸ್ಟೆಲ್‌ಗಳು, ಕೋಚಿಂಗ್ ಸೆಂಟರ್‌ಗಳು, ಕರ್ರಿ ಪಾಯಿಂಟ್‌ಗಳು ಬಂದವು. ಹೈದರಾಬಾದಿನ ಮಾತಿನಲ್ಲಿ ಇವರು ಸೆಟ್ಲರ್‌ಗಳು. ನಮ್ಮ ಕಲಬುರಗಿ, ರಾಯಚೂರು, ಬೀದರ್ ಕಡೆಯವರೂ ಇಲ್ಲಿನ ಬಾಡಿಗೆ ಮನೆಗಳಲ್ಲಿ ಇದ್ದಾರೆ.

ರಾಜಕೀಯವಾಗಿ ಈ ನೆಲದ ವಿಶೇಷ ಇನ್ನೊಂದು. ಕ್ಷೇತ್ರ ಮರುವಿಂಗಡಣೆಯ ನಂತರ ಕೂಕಟ್‌ಪಲ್ಲಿ ಪ್ರತ್ಯೇಕ ವಿಧಾನಸಭಾ ಕ್ಷೇತ್ರವಾಗಿ ಮೊದಲ ಬಾರಿ ಮತ ಹಾಕಿದ್ದು 2009ರಲ್ಲೇ. ಹಳೆಯ ಶಾಸಕನಿಲ್ಲ, ಅಪ್ಪನಿಂದ ಮಗನಿಗೆ ಬಂದ ಹಿಡಿತವಿಲ್ಲ, ಯಾವ ಓಣಿ ಯಾರದು ಎಂಬ ಲೆಕ್ಕ ಗಟ್ಟಿಯಾಗಿರಲಿಲ್ಲ. ಕರಾವಳಿ ಆಂಧ್ರದಿಂದ ಬಂದವರಿಗೆ ಅದೇ ಸೀಮೆಯಲ್ಲಿ ಕಲೆಕ್ಟರ್ ಆಗಿದ್ದವರ ಹೆಸರು ಮೊದಲೇ ಗೊತ್ತಿತ್ತು, ಟೀವಿಯಲ್ಲಿ ಮುಖ ಗೊತ್ತಿತ್ತು. ಊರಿನ ನಂಟು ಕೆಲಸ ಮಾಡಲಿಲ್ಲ ಎನ್ನಲಾಗದು. ಆದರೆ ಅಂಥ ನಂಟು ಬೇರೆ ಪಕ್ಷಗಳವರಿಗೂ ಇತ್ತು. ಹಣ ಹಂಚುವುದಿಲ್ಲ ಎಂದು ಹೇಳಿಯೇ ಮತ ಕೇಳಿದವರು ಇವರು. ಅದನ್ನು ನಂಬಿ ಬೂತಿನ ಮುಂದೆ ಸಾಲು ನಿಂತ ಜನರಿಗೆ ಆ ಗೆಲುವಿನ ಹಿರಿಮೆ ಸಲ್ಲಬೇಕು. ರಾಜ್ಯದ ಒಟ್ಟು ಲೆಕ್ಕದಲ್ಲಿ ಪಕ್ಷಕ್ಕೆ ಬಿದ್ದದ್ದು ಶೇ. 2ಕ್ಕೂ ಕಡಿಮೆ ಮತ. ಅದರ ನಡುವೆ ಒಂದು ಕ್ಷೇತ್ರ ಹೀಗೆ ಎದ್ದು ನಿಂತಿತು.

ಆಮೇಲಿನ ಐದು ವರ್ಷ ಆಂಧ್ರದ ಪಾಲಿಗೆ ಬಿರುಗಾಳಿಯ ಕಾಲ. 2009ರ ಸೆಪ್ಟೆಂಬರ್ 2ರಂದು ಮುಖ್ಯಮಂತ್ರಿ ರಾಜಶೇಖರ ರೆಡ್ಡಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡರು. ನವೆಂಬರ್ ಕೊನೆಗೆ ತೆಲಂಗಾಣ ರಾಷ್ಟ್ರ ಸಮಿತಿಯ ಕೆ. ಚಂದ್ರಶೇಖರ ರಾವ್ ಪ್ರತ್ಯೇಕ ರಾಜ್ಯಕ್ಕಾಗಿ ಉಪವಾಸ ಕೂತರು, ಡಿಸೆಂಬರ್ 9ರ ರಾತ್ರಿ ಕೇಂದ್ರ ತೆಲಂಗಾಣ ರಾಜ್ಯದ ಪ್ರಕ್ರಿಯೆ ಶುರುಮಾಡುವುದಾಗಿ ಹೇಳಿತು. ಅಲ್ಲಿಂದ ಮುಂದೆ ಬೇರೆ ಯಾವ ಮಾತಿಗೂ ಜಾಗ ಉಳಿಯಲಿಲ್ಲ. ಆಡಳಿತ ಸುಧಾರಣೆ, ಸ್ಥಳೀಯ ಸಂಸ್ಥೆಗೆ ಅಧಿಕಾರ, ಕಲಿಕೆಯ ಗುಣಮಟ್ಟ ಎಂದು ಮಾತಾಡಲು ಹೋದ ಒಂಟಿ ಶಾಸಕನಿಗೆ ಸದನದಲ್ಲಿ ಸಿಗುವ ಪ್ರಶ್ನೆ ಒಂದೇ: ನೀವು ಆ ಕಡೆಯೋ ಈ ಕಡೆಯೋ? 2011ರ ಫೆಬ್ರುವರಿ 17ರಂದು ರಾಜ್ಯಪಾಲರ ಭಾಷಣಕ್ಕೆ ಅಡ್ಡಿ ಮಾಡಿದ್ದನ್ನು ಆಕ್ಷೇಪಿಸಿ ಮಾಧ್ಯಮದವರ ಜೊತೆ ಮಾತಾಡುತ್ತಿದ್ದಾಗ ವಿಧಾನಸಭೆಯ ಆವರಣದಲ್ಲೇ ಅವರ ಮೇಲೆ ಕೈಮಾಡಲಾಯಿತು. ಶಾಸಕನೊಬ್ಬನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಅವರು ಸಮತೂಕ ಬಿಡಲಿಲ್ಲ, ನಿಜ. ಆದರೆ ಊರೇ ಎರಡಾಗಿ ನಿಂತಾಗ ನಡುವೆ ನಿಂತವನಿಗೆ ಮತ ಹಾಕುವವರು ಕಡಿಮೆ.

ಇಷ್ಟಾದರೂ ಕೂಕಟ್‌ಪಲ್ಲಿ ಅವರ ಕೈತಪ್ಪಲೇಬೇಕಿತ್ತು ಎಂದು ನನಗೆ ಅನಿಸುವುದಿಲ್ಲ. 2014ರಲ್ಲಿ ಅವರು ಆ ಕ್ಷೇತ್ರದಿಂದ ಮತ್ತೆ ನಿಲ್ಲಲಿಲ್ಲ. ಮಲ್ಕಾಜಗಿರಿ ಲೋಕಸಭಾ ಕ್ಷೇತ್ರಕ್ಕೆ ಹೋದರು. ಮಲ್ಕಾಜಗಿರಿ ಅಂದರೆ ಕೂಕಟ್‌ಪಲ್ಲಿಯೂ ಸೇರಿ ಏಳು ವಿಧಾನಸಭಾ ಕ್ಷೇತ್ರಗಳು: ಮೇಡ್ಚಲ್, ಮಲ್ಕಾಜಗಿರಿ, ಕುತ್ಬುಲ್ಲಾಪುರ, ಉಪ್ಪಲ್, ಎಲ್.ಬಿ. ನಗರ, ಸಿಕಂದರಾಬಾದ್ ಕಂಟೋನ್ಮೆಂಟ್. ಆ ವರ್ಷ ಇಡೀ ದೇಶದಲ್ಲೇ ಅತಿ ಹೆಚ್ಚು ಮತದಾರರಿದ್ದ ಕ್ಷೇತ್ರ ಅದು. ಬೂತಿಗೊಬ್ಬ ಕಾರ್ಯಕರ್ತನೂ ಸಿಗದ ಪಕ್ಷ, ಇದ್ದ ಒಂದು ಹಿಡಿ ನೆಲ ಬಿಟ್ಟು ದೇಶದ ಅತಿ ದೊಡ್ಡ ಕಣಕ್ಕೆ ಇಳಿಯಿತು. ತೆಲುಗುದೇಶಂನ ಚ. ಮಲ್ಲಾ ರೆಡ್ಡಿ ಗೆದ್ದರು, ಜೆಪಿ ಬಹಳ ಹಿಂದೆ ಉಳಿದರು. ಅತ್ತ ಕೂಕಟ್‌ಪಲ್ಲಿಯನ್ನು ತೆಲುಗುದೇಶಂನಿಂದ ಮಾಧವರಂ ಕೃಷ್ಣಾರಾವ್ ದೊಡ್ಡ ಅಂತರದಿಂದ ಗೆದ್ದರು. ಆ ಫಲಿತಾಂಶ ಬಂದದ್ದೂ ಮೇ 16ರಂದೇ, ಗೆಲುವಿಗೆ ಸರಿಯಾಗಿ ಐದು ವರ್ಷ ತುಂಬಿದ ದಿನ.

ಸಂಸತ್ತಿಗೆ ಹೋದರೆ ರಾಷ್ಟ್ರಮಟ್ಟದ ಸುಧಾರಣೆಗಳ ಬಗ್ಗೆ ಮಾತಾಡಬಹುದು ಎಂಬ ಆಸೆ ಅರ್ಥವಾಗುವಂಥದ್ದೇ. ಆದರೆ ಸಣ್ಣ ಪಕ್ಷದ ನಾಯಕ ಎಲ್ಲಿ ನಿಲ್ಲುತ್ತಾನೆ ಎಂಬುದು ಅವನೊಬ್ಬನ ವಿಚಾರವಲ್ಲ. ಅವನು ಎರಡನೇ ಬಾರಿಯೂ ಅದೇ ಜನರ ಮುಂದೆ ನಿಂತರೆ ಕಾರ್ಯಕರ್ತರಿಗೆ ಒಂದು ಮನೆ ಆಗುತ್ತದೆ. ಸೋತರೂ ಮೂರನೇ ಬಾರಿಗೆ ಪಟ್ಟಿ, ಪರಿಚಯ, ಸಿಟ್ಟು, ಪ್ರೀತಿ ಎಲ್ಲ ಉಳಿದಿರುತ್ತದೆ.

ಬ್ರಿಟನ್ನಿನ ವೇಲ್ಸ್ ಸೀಮೆಯ ಪ್ಲೈಡ್ ಕಮ್ರಿ ಪಕ್ಷದ ಚರಿತ್ರೆ ಇಲ್ಲಿ ನೆನಪಾಗುತ್ತದೆ. 1925ರಲ್ಲಿ ಹುಟ್ಟಿದ ಆ ಪಕ್ಷಕ್ಕೆ ಮೊದಲ ಸಂಸದ ಸಿಕ್ಕಿದ್ದು 1966ರಲ್ಲಿ, ಕಾರ್ಮಾರ್ಥನ್ ಉಪಚುನಾವಣೆಯಲ್ಲಿ. ಗೆದ್ದವರು 1945ರಿಂದಲೂ ಪಕ್ಷದ ಅಧ್ಯಕ್ಷರಾಗಿದ್ದ ಗ್ವಿನ್‌ವರ್ ಎವನ್ಸ್. 1970ರಲ್ಲಿ ಅದೇ ಕ್ಷೇತ್ರ ಅವರನ್ನು ಸೋಲಿಸಿತು. 1974ರ ಫೆಬ್ರುವರಿಯಲ್ಲಿ ಮತ್ತೆ ನಿಂತು ಬರೀ 3 ಮತಗಳಿಂದ ಸೋತರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅಲ್ಲೇ ಗೆದ್ದರು. 2025ರ ಅಕ್ಟೋಬರ್‌ನಲ್ಲಿ ಕೇರ್‌ಫಿಲಿ ಉಪಚುನಾವಣೆ ಗೆದ್ದ ಲಿಂಡ್ಸೆ ವಿಟ್ಲ್ ಕೂಡ ಅದೇ ಊರಿನಲ್ಲಿ ದಶಕಗಳ ಕಾಲ ಸ್ಪರ್ಧಿಸುತ್ತ, ಸೋಲುತ್ತ ಬಂದವರು. ನೂರು ವರ್ಷ ತುಂಬಿದ ಆ ಪಕ್ಷದಲ್ಲಿ ನಾಯಕರು ಬದಲಾಗಿದ್ದಾರೆ, ನೆಲ ಬದಲಾಗಿಲ್ಲ.

ಜೆಪಿಯವರ ತೀರ್ಮಾನ ಬೇರೆ. ಹೆಚ್ಚು ಮತ ಪಡೆದವನೇ ಗೆಲ್ಲುವ ನಮ್ಮ ಪದ್ಧತಿಯಲ್ಲಿ ಸಣ್ಣ ಪಕ್ಷಕ್ಕೆ ಹಾಕಿದ ಮತ ದಂಡ ಎಂದು ಮತದಾರ ಹೆದರುತ್ತಾನೆ, ಕೊನೆಗಳಿಗೆಯ ಕೆಲವು ಸಾವಿರ ಮತಕ್ಕಾಗಿ ಹಣ ಹರಿಯುತ್ತದೆ, ಆದ್ದರಿಂದ ಮತಪ್ರಮಾಣಕ್ಕೆ ತಕ್ಕ ಪ್ರಾತಿನಿಧ್ಯ ಬೇಕು, ರಾಜ್ಯದಲ್ಲಿ ಮುಖ್ಯಮಂತ್ರಿಯನ್ನು ಜನರೇ ನೇರವಾಗಿ ಆರಿಸಬೇಕು ಎಂಬುದು ಅವರ ಬಹುಕಾಲದ ವಾದ. ವೇಲ್ಸ್‌ನ ಅನುಭವ ಇದಕ್ಕೆ ಬೆಂಬಲವಾಗಿಯೂ ಇದೆ. 1999ರಲ್ಲಿ ಅಲ್ಲಿ ಹೊಸ ಶಾಸನಸಭೆ ಬಂದಾಗ 60 ಸ್ಥಾನಗಳಲ್ಲಿ 20ನ್ನು ಪ್ರಮಾಣದ ಲೆಕ್ಕದಲ್ಲಿ ಹಂಚಿದರು. ಪ್ಲೈಡ್‌ಗೆ ಸಿಕ್ಕ 17ರಲ್ಲಿ 8 ಬಂದದ್ದು ಆ ಪಟ್ಟಿಯಿಂದ. ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಶೇ. 2 ಮತವೂ ಇಲ್ಲದ ಪಕ್ಷವನ್ನು ಯಾವ ಪ್ರಮಾಣ ಪದ್ಧತಿಯೂ ಎತ್ತಿ ನಿಲ್ಲಿಸಲಾರದು. 2009ರಲ್ಲಿ ಲೋಕಸತ್ತಾಕ್ಕೆ ಸಿಕ್ಕ ಒಂದೇ ಕುರ್ಚಿಯನ್ನು ಕೊಟ್ಟದ್ದು ಅವರು ದೂರುವ ಈ ಹಳೆಯ ಪದ್ಧತಿಯೇ.

2016ರಲ್ಲಿ ಲೋಕಸತ್ತಾ ಚುನಾವಣೆಯಿಂದ ಹಿಂದೆ ಸರಿಯಿತು. 2018ರ ಕೊನೆಗೆ ಸಿಬಿಐನಲ್ಲಿ ಹೆಸರು ಮಾಡಿದ್ದ ನಿವೃತ್ತ ಅಧಿಕಾರಿ ವಿ.ವಿ. ಲಕ್ಷ್ಮೀನಾರಾಯಣ ಅವರನ್ನು ಪಕ್ಷದ ಹೊಣೆ ಹೊರಲು ಜೆಪಿ ಕರೆದರು. ಅವರು ಒಪ್ಪದೆ ಪವನ್ ಕಲ್ಯಾಣ್ ಅವರ ಜನಸೇನಾ ಸೇರಿ ವಿಶಾಖಪಟ್ಟಣದಲ್ಲಿ ನಿಂತು ಸೋತರು. ಹನ್ನೆರಡು ವರ್ಷ ನಡೆದ ಪಕ್ಷ ತನ್ನ ಮುಂದಿನ ನಾಯಕನನ್ನು ಹೊರಗಿನಿಂದ ಕರೆಯಬೇಕಾಯಿತು ಎಂಬುದು ನನ್ನ ಮಟ್ಟಿಗೆ ಮಲ್ಕಾಜಗಿರಿಯ ಸೋಲಿಗಿಂತ ದೊಡ್ಡ ನೋವು. ಅದೇ 2018ರಲ್ಲಿ ಕೂಕಟ್‌ಪಲ್ಲಿಯಲ್ಲಿ ಎನ್‌ಟಿಆರ್ ಮೊಮ್ಮಗಳು ನಂದಮೂರಿ ಸುಹಾಸಿನಿ ನಿಂತು ಸೋತರು. ಗೆದ್ದವರು ತೆಲಂಗಾಣ ರಾಷ್ಟ್ರ ಸಮಿತಿಗೆ ಹೋಗಿದ್ದ ಅದೇ ಕೃಷ್ಣಾರಾವ್. 2023ರಲ್ಲೂ ಅವರೇ. ಪಕ್ಷ ಬದಲಾದರೂ ಊರು ಬಿಡದವರನ್ನು ಕೂಕಟ್‌ಪಲ್ಲಿ ಮೂರು ಬಾರಿ ಆರಿಸಿತು.

ಬೆಂಗಳೂರಿನ ಕಥೆಯೂ ಹೆಚ್ಚು ಬೇರೆಯಿಲ್ಲ. 2013ರ ವಿಧಾನಸಭಾ ಚುನಾವಣೆಯಲ್ಲಿ ಲೋಕಸತ್ತಾದಿಂದ ಬೊಮ್ಮನಹಳ್ಳಿಯಲ್ಲಿ ಅಶ್ವಿನ್ ಮಹೇಶ್, ಬಸವನಗುಡಿಯಲ್ಲಿ ಶಾಂತಲಾ ದಾಮ್ಲೆ, ಮಲ್ಲೇಶ್ವರದಲ್ಲಿ ಡಾ. ಮೀನಾಕ್ಷಿ ಭರತ್, ಬಿಟಿಎಂ ಲೇಔಟಿನಲ್ಲಿ ರವಿ ಕೃಷ್ಣಾರೆಡ್ಡಿ ನಿಂತರು. ಓದಿದವರು, ಕೆಲಸ ಬಲ್ಲವರು, ಕೈ ಸ್ವಚ್ಛವಿದ್ದವರು. ಯಾರೂ ಗೆಲ್ಲಲಿಲ್ಲ. ರವಿ ಕೃಷ್ಣಾರೆಡ್ಡಿ ಅದಕ್ಕೂ ಮೊದಲು 2008ರಲ್ಲಿ ಜಯನಗರದಲ್ಲಿ ನಿಂತಿದ್ದರು. 2014ರಲ್ಲಿ ಆಮ್ ಆದ್ಮಿಯಿಂದ ಬೆಂಗಳೂರು ಗ್ರಾಮಾಂತರಕ್ಕೆ ಹೋದರು. ಈಗ ಕರ್ನಾಟಕ ರಾಷ್ಟ್ರ ಸಮಿತಿ ಕಟ್ಟಿ ತಾಲ್ಲೂಕು ಕಚೇರಿಗಳಲ್ಲಿ ಲಂಚದ ವಿರುದ್ಧ ನಿಂತಿದ್ದಾರೆ. ಅವರ ಛಲದ ಬಗ್ಗೆ ನನಗೆ ಗೌರವವಿದೆ. 2023ರಲ್ಲಿ ಆ ಪಕ್ಷ ರಾಜ್ಯದ ಉದ್ದಗಲಕ್ಕೂ ಅಭ್ಯರ್ಥಿಗಳನ್ನು ಹಾಕಿತು, ಒಂದು ಸ್ಥಾನವೂ ಬರಲಿಲ್ಲ. ಅದೇ ಚುನಾವಣೆಯಲ್ಲಿ ಮೇಲುಕೋಟೆಯಿಂದ ಸರ್ವೋದಯ ಕರ್ನಾಟಕ ಪಕ್ಷದ ದರ್ಶನ್ ಪುಟ್ಟಣ್ಣಯ್ಯ ಗೆದ್ದರು. ತಂದೆ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ ಗೆದ್ದು, ಸೋತು, 2013ರಲ್ಲಿ ಮೇಲುಕೋಟೆಯಿಂದ ಮತ್ತೆ ಗೆದ್ದು, 2018ರ ಫೆಬ್ರುವರಿಯಲ್ಲಿ ತೀರಿಕೊಂಡಿದ್ದರು. ಆ ವರ್ಷ ಮೇಲುಕೋಟೆಯಲ್ಲೇ ನಿಂತ ಮಗನೂ ಸೋತರು. ಕಾಂಗ್ರೆಸ್ಸಿನ ಬೆಂಬಲ ಪಡೆದು ಐದು ವರ್ಷದ ನಂತರ ಅವರು ಮತ ಕೇಳಲು ಹೋದದ್ದು ಅಪ್ಪನ ಕಾಲದಿಂದ ರೈತಸಂಘದ ಹಸಿರು ಶಾಲು ಕಂಡಿದ್ದ ಅದೇ ಹಳ್ಳಿಗಳಿಗೆ.