ಪ್ರಬಂಧದ ಜಾಗದಲ್ಲಿ ಒಂದು ಕಥೆ

ಅರವತ್ತರ ದಶಕದ ನಡುಭಾಗ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್. ಇಂಗ್ಮಾರ್ ಬರ್ಗ್‌ಮನ್ ಅವರ ‘ದಿ ಸೆವೆಂತ್ ಸೀಲ್’ ನಡೆಯುತ್ತಿದೆ. ಸ್ವೀಡಿಷ್ ಚಿತ್ರ, ಸಬ್‌ಟೈಟಲ್ ಇಲ್ಲ. ನೋಡುತ್ತ ಕೂತವರಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಇಬ್ಬರೂ 1932ರಲ್ಲಿ ಹುಟ್ಟಿದವರು. ಗುರು ಶಿಷ್ಯನಿಗಿಂತ ಮೂರೂವರೆ ತಿಂಗಳು ದೊಡ್ಡವರು, ಅಷ್ಟೇ. ಗುರುವಿನ ಹೆಸರು ಮಾಲ್ಕಮ್ ಬ್ರಾಡ್‌ಬರಿ. ಶಿಷ್ಯ, ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಪಿಎಚ್.ಡಿ. ಮಾಡಲು ಹೋಗಿದ್ದ ನಮ್ಮ ಯು.ಆರ್. ಅನಂತಮೂರ್ತಿ.

ಸಿನಿಮಾ ಮುಗಿದ ಮೇಲೆ ಬ್ರಾಡ್‌ಬರಿ ಆಡಿದ ಮಾತನ್ನು ಅನಂತಮೂರ್ತಿ ಕೊನೆಯವರೆಗೂ ಹೇಳಿಕೊಂಡು ಬಂದರು. ಯುರೋಪಿನವರು ಮಧ್ಯಯುಗವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ನಿಮಗಾದರೋ ಅದು ಮನೆಯ ಪಕ್ಕದಲ್ಲೇ ಇದೆಯಲ್ಲ ಎಂಬರ್ಥದ ಮಾತು. ಅದು ತಾಗಿತು. ಪ್ಲೇಗು, ಅಗ್ರಹಾರ, ಸಂಸ್ಕಾರವಿಲ್ಲದೆ ಬಿದ್ದ ಹೆಣ, ಏನು ಮಾಡಬೇಕೆಂದು ತಿಳಿಯದ ಪ್ರಾಣೇಶಾಚಾರ್ಯ, ಎಲ್ಲ ಹೊರಬಂದವು. ‘ಸಂಸ್ಕಾರ’ವನ್ನು 1965ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿತು.

ಎಲ್ಲರಿಗೂ ಗೊತ್ತಿರುವ ಕಥೆ ಇಷ್ಟು. ನನ್ನನ್ನು ಕಾಡುವುದು ಇದರ ಇನ್ನೊಂದು ತುದಿ. ಅನಂತಮೂರ್ತಿಯವರು ಅಲ್ಲಿಗೆ ಹೋಗಿದ್ದು ಕಾದಂಬರಿ ಬರೆಯಲಿಕ್ಕಲ್ಲ, 1930ರ ದಶಕದ ಇಂಗ್ಲಿಷ್ ಕಥನ ಮತ್ತು ರಾಜಕೀಯದ ಮೇಲೆ ಪ್ರಬಂಧ ಬರೆಯಲಿಕ್ಕೆ. ಬರೆದರು, 1966ರಲ್ಲಿ ಡಾಕ್ಟರೇಟೂ ಬಂತು. ಆ ಪ್ರಬಂಧ ಓದಿರುವ ಕನ್ನಡಿಗರನ್ನು ಒಂದು ಆಟೋದಲ್ಲಿ ಕೂರಿಸಬಹುದೇನೋ. ‘ಸಂಸ್ಕಾರ’ ಓದದವರನ್ನು ಹುಡುಕುವುದು ಕಷ್ಟ. ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಮಾತ್ರ ಮೊದಲನೆಯದು ಕೆಲಸ, ಎರಡನೆಯದು ಬಿಡುವಿನ ಹವ್ಯಾಸ.

ಈ ಲೆಕ್ಕವನ್ನು ಇಂಗ್ಲೆಂಡಿನಲ್ಲಿ ತಿದ್ದಿದವರಲ್ಲಿ ಅದೇ ಬ್ರಾಡ್‌ಬರಿ ಒಬ್ಬರು. 1965ರಲ್ಲಿ ಅವರು ನಾರಿಚ್ ಊರಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯಕ್ಕೆ ಹೋದರು. 1970ರಲ್ಲಿ ಕಾದಂಬರಿಕಾರ ಆಂಗಸ್ ವಿಲ್ಸನ್ ಜೊತೆ ಸೇರಿ, ಎಂ.ಎ. ವಿದ್ಯಾರ್ಥಿ ವಿಮರ್ಶಾ ಪ್ರಬಂಧದ ಒಂದು ಪಾಲಿಗೆ ಬದಲಾಗಿ ತನ್ನದೇ ಕಥೆ ಕೊಡಬಹುದು ಎಂಬ ಏರ್ಪಾಡು ಮಾಡಿದರು. ಆ ವರ್ಷ ಕಥೆ ಕೊಡಲು ಬಂದ ವಿದ್ಯಾರ್ಥಿ ಒಬ್ಬನೇ: ಇಯಾನ್ ಮೆಕ್ಯೂವನ್. ತರಗತಿ ಅಂತ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ಹುಡುಗ ಬರೆದು ಕೊಡುವುದು, ಮೇಷ್ಟ್ರು ಓದಿ ನಾಲ್ಕು ಮಾತು ಹೇಳುವುದು. ಹತ್ತು ವರ್ಷದ ಹೊತ್ತಿಗೆ ಅದೇ ಕೋರ್ಸಿನಿಂದ ಕಝುವೊ ಇಶಿಗುರೊ ಹೊರಬಂದರು. 2017ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಬರ್ಮಿಂಗ್‌ಹ್ಯಾಮಿನ ಕನ್ನಡ ಶಿಷ್ಯನನ್ನು ನೋಡಿಯೇ ಬ್ರಾಡ್‌ಬರಿಗೆ ಈ ಬುದ್ಧಿ ಬಂತು ಅಂದರೆ ಅದು ನಮ್ಮ ಜಂಬ. ಅವರು ಅಮೆರಿಕದಲ್ಲಿ ಓದಿ ಬಂದವರು, ಮೂಲ ಅಲ್ಲೇ ಇತ್ತು.

ಹಾರ್ವರ್ಡ್‌ನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬ್ಯಾರೆಟ್ ವೆಂಡೆಲ್ ಎಂಬ ಮೇಷ್ಟ್ರು ‘ಇಂಗ್ಲಿಷ್ 12’ ಎಂಬ ಪಾಠ ನಡೆಸುತ್ತಿದ್ದರು. ಪದವಿ ವಿದ್ಯಾರ್ಥಿಗಳು ದಿನಕ್ಕೊಂದು ಪುಟ್ಟ ಬರಹ ತಂದೊಪ್ಪಿಸಬೇಕು. ಷೇಕ್ಸ್‌ಪಿಯರ್ ಮೇಲೆ ಅಲ್ಲ. ಕಂಡದ್ದರ ಮೇಲೆ, ಅನ್ನಿಸಿದ್ದರ ಮೇಲೆ. 1890ರಲ್ಲಿ ಡಬ್ಲ್ಯು.ಇ.ಬಿ. ಡು ಬಾಯ್ಸ್ ಎಂಬ ಕಪ್ಪು ಹುಡುಗ ಈ ಪಾಠಕ್ಕೆ ಸೇರಿದ. ಮೊದಲು ಬೇರೊಂದು ತರಗತಿಯಲ್ಲಿ ಮೈಯೆಲ್ಲ ಉರಿದು ಬರೆದ ಬರಹಕ್ಕೆ ಫೇಲು ಮಾಡುವ ಅಂಕ ಬಿದ್ದಿತ್ತು. ಹೇಳುವುದು ಇದ್ದರೆ ಸಾಲದು, ಹೇಳುವ ಹದ ಬೇಕು ಎಂದು ಅವನಿಗೆ ಹೊಳೆಯಿತು. ಜಗತ್ತಿಗೆ ಹೇಳಬೇಕಾದ್ದು ನನ್ನಲ್ಲಿದೆ, ಚೆನ್ನಾಗಿ ಹೇಳಲು ಕಲಿಯಬೇಕೆಂದೇ ಇಲ್ಲಿ ಸೇರಿದೆ ಎಂಬ ಅರ್ಥದ ಸಾಲನ್ನು ಬರೆದುಕೊಟ್ಟ. ವೆಂಡೆಲ್ ಅದನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿದರು. ಸೃಜನಶೀಲ ಬರವಣಿಗೆಯ ಪದವಿಗೆ ಯಾಕೆ ಸೇರುತ್ತೀರಿ ಎಂದು ಇವತ್ತು ಅರ್ಜಿಯಲ್ಲಿ ಕೇಳುತ್ತಾರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ಓದಿಲ್ಲ.

ಮುಂದಿನ ಹೆಜ್ಜೆ ಇಟ್ಟದ್ದು ಜೋಳ ಬೆಳೆಯುವ ಸೀಮೆಯ ಅಯೋವಾ ವಿಶ್ವವಿದ್ಯಾಲಯ. 1922ರಲ್ಲಿ ಅಲ್ಲಿನ ಡೀನ್ ಕಾರ್ಲ್ ಸೀಶೋರ್, ಪ್ರಬಂಧಕ್ಕೆ ಬದಲು ಸೃಜನಶೀಲ ಕೃತಿಯನ್ನೂ ಒಪ್ಪುತ್ತೇವೆ ಎಂದು ಘೋಷಿಸಿದರು. ಅವರು ಸಾಹಿತ್ಯದವರೂ ಅಲ್ಲ, ಮನಶ್ಶಾಸ್ತ್ರಜ್ಞ. 1936ರಲ್ಲಿ ‘ರೈಟರ್ಸ್ ವರ್ಕ್‌ಶಾಪ್’ ಶುರುವಾಯಿತು. ಎರಡನೆಯ ಮಹಾಯುದ್ಧ ಮುಗಿದ ಹೊತ್ತಿಗೆ ಅದರ ಮುಖ್ಯಸ್ಥ ಪಾಲ್ ಎಂಗಲ್ ಅವರ ಕೋಣೆಗೆ ಜಾರ್ಜಿಯಾದ ಹುಡುಗಿಯೊಬ್ಬಳು ಬಂದು ಏನೋ ಹೇಳಿದಳು. ಅವಳ ತೆಂಕಣ ರಾಗದ ಇಂಗ್ಲಿಷ್ ಎಂಗಲ್‌ಗೆ ಒಂದಕ್ಷರವೂ ತಿಳಿಯಲಿಲ್ಲ. ಕಾಗದ ಮುಂದಿಟ್ಟು, ಬರೆದು ತೋರಿಸಮ್ಮ ಎಂದರು. ತನ್ನ ಹೆಸರು ಫ್ಲಾನರಿ ಓಕಾನರ್, ವರ್ಕ್‌ಶಾಪಿಗೆ ಸೇರಿಸಿಕೊಳ್ಳುತ್ತೀರಾ ಎಂದು ಅವಳು ಬರೆದಳು. 1947ರಲ್ಲಿ ಕಥೆಗಳ ಕಟ್ಟೊಂದನ್ನೇ ಪ್ರಬಂಧವಾಗಿ ಕೊಟ್ಟು ಪದವಿ ಪಡೆದಳು.

ಅಲ್ಲಿಂದೀಚೆಗೆ ನಡೆದದ್ದು ಬರೀ ಹರಡುವ ಕೆಲಸ. ಸ್ನಾತಕೋತ್ತರದಲ್ಲಿ ಗಟ್ಟಿಯಾದದ್ದು ಬಿ.ಎ.ಗೂ ಇಳಿಯಿತು. ಅಮೆರಿಕದಲ್ಲಿ ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್ ಬೇಕು. ಮುಖ್ಯ ವಿಷಯದ ಪಾಲು ಅದರಲ್ಲಿ ಸುಮಾರು ಮೂರನೆಯ ಒಂದು. ಮೊದಲು ಕವಿತೆ, ಕಥೆ, ಗದ್ಯ ಎಲ್ಲದರ ರುಚಿ ತೋರಿಸುವ ಪಾಠ, ಆಮೇಲೆ ಒಂದೇ ಪ್ರಕಾರದ ವರ್ಕ್‌ಶಾಪು. ಮೇಲಿನ ಹಂತದ ವರ್ಕ್‌ಶಾಪಿಗೆ ಎಷ್ಟೋ ಕಡೆ ಬರಹದ ಮಾದರಿ ತೋರಿಸಿಯೇ ಒಳಗೆ ಹೋಗಬೇಕು. ಜೊತೆಗೆ ಸಾಹಿತ್ಯ ಓದುವ ಪತ್ರಿಕೆಗಳು; ಹಳೆಯ ಕಾಲದ್ದನ್ನೂ ಓದದೆ ಬಿಡುವುದಿಲ್ಲ. ಕೊನೆಗೆ ಸ್ವಂತ ಬರಹಗಳ ಕಟ್ಟು. ಇಂಗ್ಲೆಂಡಿನಲ್ಲಿ ಆ ಕಟ್ಟಿನ ಹಿಂದೆ ಒಂದು ವಿಮರ್ಶಾ ಟಿಪ್ಪಣಿಯನ್ನೂ ಹೊಲಿಯಿರಿ ಅನ್ನುತ್ತಾರೆ. ಹಳೆಯ ಪ್ರಬಂಧ ಪೂರ್ತಿ ಹೋಗಿಲ್ಲ, ಕಥೆಗೆ ಬಾಲವಾಗಿ ಉಳಿದುಕೊಂಡಿದೆ.

ವರ್ಕ್‌ಶಾಪಿನ ಕ್ರಮ ವಿಚಿತ್ರ. ಕಥೆಯ ಪ್ರತಿ ಮುಂಚೆಯೇ ಎಲ್ಲರ ಕೈ ಸೇರಿರುತ್ತದೆ. ಮೇಜಿನ ಸುತ್ತ ಹತ್ತು ಹನ್ನೆರಡು ಜನ, ಪ್ರತಿಯೊಬ್ಬರ ಪ್ರತಿಯ ಅಂಚಿನಲ್ಲೂ ಪೆನ್ಸಿಲ್ ಗೀಟು. ಮಾತು ಮುಗಿಯುವವರೆಗೆ ಬರೆದವನು ಬಾಯಿ ಬಿಡುವಂತಿಲ್ಲ. ‘ನಾನು ಹೇಳಬೇಕೆಂದಿದ್ದು ಹಾಗಲ್ಲ’ ಅನ್ನುವಂತೆಯೇ ಇಲ್ಲ. ಹಾಳೆಯ ಮೇಲೆ ಇಲ್ಲದ್ದು ಕಥೆಯಲ್ಲಿಯೂ ಇಲ್ಲ. ನಮ್ಮಲ್ಲಿ ಈ ಮೌನ ವ್ರತ ನಡೆದೀತೇ? ಕಥೆ ಓದುವ ಮೊದಲೇ ಅದರ ಹಿನ್ನೆಲೆ ಅರ್ಧ ಗಂಟೆ ವಿವರಿಸುವವರು ನಾವು.

ಹೀಗೆ ತಯಾರಾದ ಕಥೆಗಳೆಲ್ಲ ಒಂದೇ ಅಚ್ಚಿನವು ಎಂಬ ದೂರು ಅಮೆರಿಕದಲ್ಲಿ ಹಳೆಯದು. ಕನ್ನಡದವರು ಆ ದೂರನ್ನು ಪದದೊಳಗೇ ಇಟ್ಟುಕೊಂಡಿದ್ದೇವೆ. ವರ್ಕ್‌ಶಾಪಿಗೆ ನಾವು ಕಮ್ಮಟ ಅಂದೆವು. ಹಳಗನ್ನಡದ ಕಮ್ಮಟವೆಂದರೆ ಟಂಕಸಾಲೆ, ನಾಣ್ಯ ಅಚ್ಚು ಹಾಕುವ ಜಾಗ.

ಪದವಿಯಿಂದಲೇ ಬರೆಹಗಾರ ಆಗುತ್ತಾನೆಂಬ ಭ್ರಮೆ ನನಗಿಲ್ಲ. ಯಶವಂತ ಚಿತ್ತಾಲರು ಪಾಲಿಮರ್ ತಂತ್ರಜ್ಞ, ಜಯಂತ ಕಾಯ್ಕಿಣಿ ಓದಿದ್ದು ಬಯೋಕೆಮಿಸ್ಟ್ರಿ, ವಿವೇಕ ಶಾನಭಾಗ ಎಂಜಿನಿಯರ್. ಕಥೆ ಬರೆಯಲು ಯಾರೂ ಅಂಕಪಟ್ಟಿ ಕೇಳಲಿಲ್ಲ. ನನ್ನ ಸಿಟ್ಟು ಬೇರೆ. ಬಿ.ಎ. ಓದುವಾಗ, ಕಿರುಪ್ರಬಂಧದ ಬದಲು ಮೂರು ಕಥೆ ಕೊಡಲೇ ಎಂದು ಮೇಷ್ಟ್ರನ್ನು ಕೇಳಿದ್ದೆ. ಕೆಟ್ಟವರಲ್ಲ, ಕಥೆ ಓದಿ ಬೆನ್ನು ತಟ್ಟಿದವರೇ. ‘ಇದಕ್ಕೆ ಮಾರ್ಕ್ಸ್ ಎಲ್ಲಿ ಹಾಕ್ಲಪ್ಪಾ? ಕಾಲಂ ಇಲ್ಲ’ ಅಂದರು. ಕೊನೆಗೆ ಯಾವುದೋ ಕಾದಂಬರಿಯ ಸ್ತ್ರೀಪಾತ್ರಗಳ ಮೇಲೆ ನಲವತ್ತು ಪುಟ ಗೀಚಿ, ನೀಲಿ ರಟ್ಟು ಹಾಕಿಸಿ ಕೊಟ್ಟೆ. ಅದರಲ್ಲಿ ಮುಕ್ಕಾಲು ಪಾಲು ಹಿಂದಿನ ವರ್ಷದ ಹುಡುಗನದು. ಅಂಕ ಚೆನ್ನಾಗಿಯೇ ಬಂತು. ಆಗ ನಮ್ಮ ಕಾಲೇಜಿನ ಮೆಟ್ಟಿಲ ಪಕ್ಕ ಒಂದು ಭಿತ್ತಿಪತ್ರಿಕೆ ಇತ್ತು. ಆ ಮೂರೂ ಕಥೆ ಅಲ್ಲಿ ಬಂದವು. ಈಚೆಗೆ ಹೋಗಿ ನೋಡಿದರೆ ಅದೇ ಹಲಗೆಯ ಮೇಲೆ ಶುಲ್ಕ ಕಟ್ಟುವ ಕೊನೆಯ ದಿನಾಂಕದ ನೋಟಿಸು.

ಕನ್ನಡ ಅಧ್ಯಯನ ಮಂಡಳಿಗಳಲ್ಲಿ ಕೂರುವ ಮೇಷ್ಟ್ರುಗಳು ಈ ಪುರವಣಿ ಓದುತ್ತೀರಿ ಎಂದು ಬಲ್ಲೆ. ಪೂರ್ತಿ ಪದವಿ ತೆರೆಯಿರಿ ಎಂದು ಕೇಳುತ್ತಿಲ್ಲ. ಮುಂದಿನ ಸಭೆಯಲ್ಲಿ ಪಠ್ಯಕ್ರಮ ತಿದ್ದುವಾಗ, ಕಿರುಪ್ರಬಂಧ ಎಂದಿರುವ ಕಡೆ ‘ಅಥವಾ ಸ್ವಂತ ಕಥೆ, ಕವಿತೆ, ನಾಟಕ’ ಎಂದು ಐದು ಪದ ಸೇರಿಸಿ.