ಕೆಡವಿದ ಗೋಡೆಯ ಲೆಕ್ಕಾಚಾರ

ಕಟ್ಟಡ ಕಟ್ಟುವಾಗ, ದುರಸ್ತಿ ಮಾಡುವಾಗ, ಕೆಡವುವಾಗ ಉಳಿಯುವ ಕಾಂಕ್ರೀಟ್, ಇಟ್ಟಿಗೆ, ಗಾರೆ, ಮಣ್ಣು, ಕಬ್ಬಿಣ, ಮರ ಇವೆಲ್ಲ ಸೇರಿ ಕಟ್ಟಡ ತ್ಯಾಜ್ಯವಾಗುತ್ತವೆ. ಭಾರತದಲ್ಲಿ ವರ್ಷಕ್ಕೆ ಸುಮಾರು 15 ಕೋಟಿ ಟನ್ ಇಂಥ ತ್ಯಾಜ್ಯ ಹುಟ್ಟುತ್ತದೆ ಎಂಬುದು ಕೇಂದ್ರ ಸರ್ಕಾರದ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನ ಉತ್ತೇಜನ ಮಂಡಳಿಯ ಅಂದಾಜು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2020ರಲ್ಲಿ ಕೊಟ್ಟ ಲೆಕ್ಕದಂತೆ ದೇಶದ ಮರುಬಳಕೆ ಘಟಕಗಳ ಒಟ್ಟು ಸಾಮರ್ಥ್ಯ ಆಗ ದಿನಕ್ಕೆ ಸುಮಾರು 6,500 ಟನ್ ಇತ್ತು. ಅವು ವರ್ಷವಿಡೀ ಓಡಿದ್ದರೂ ಒಟ್ಟು ತ್ಯಾಜ್ಯದ ಶೇ 2ರಷ್ಟೂ ಕರಗುತ್ತಿರಲಿಲ್ಲ. ಕಲ್ಲು ಪುಡಿ ಮಾಡುವ ಯಂತ್ರ ಹೊಸದೇನಲ್ಲ. ತೊಡಕು ಇರುವುದು ಹಣದ ಲೆಕ್ಕದಲ್ಲಿ.

ಹಳೆಯ ಮನೆಯಲ್ಲಿ ಬೆಲೆ ಬಾಳುವ ವಸ್ತುಗಳಿಗೆ ಮಾರುಕಟ್ಟೆ ಮೊದಲಿನಿಂದಲೂ ಇದೆ. ತೇಗದ ಬಾಗಿಲು, ಕಿಟಕಿ, ಕಬ್ಬಿಣದ ಸರಳು, ವಿದ್ಯುತ್ ತಂತಿ, ಒಡೆಯದ ಇಟ್ಟಿಗೆ ಎಲ್ಲವೂ ಗುಜರಿಗೋ ಹಳೆ ಸಾಮಾನಿನ ಅಂಗಡಿಗೋ ಸೇರುತ್ತವೆ. ಕೆಡವುವ ಗುತ್ತಿಗೆದಾರ ಇವುಗಳ ಬೆಲೆ ನೋಡಿಯೇ ದರ ಹೇಳುತ್ತಾನೆ. ಒಳ್ಳೆಯ ಮರವಿದ್ದರೆ ಮನೆಯ ಮಾಲೀಕನಿಗೆ ತಾನೇ ಹಣ ಕೊಡುವುದೂ ಉಂಟು. ಇವೆಲ್ಲ ಹೋದ ಮೇಲೆ ಉಳಿಯುವ ಕಾಂಕ್ರೀಟ್ ತುಂಡು, ಇಟ್ಟಿಗೆ ಚೂರು, ಗಾರೆ ತೂಕದಲ್ಲಿ ಹೆಚ್ಚು, ಬೆಲೆಯಲ್ಲಿ ಕಡಿಮೆ.

ಇಂಥ ಸರಕಿನ ಭವಿಷ್ಯ ತೀರ್ಮಾನವಾಗುವುದು ಅದನ್ನು ಸಾಗಿಸಬೇಕಾದ ದೂರದಿಂದ. ಬೆಂಗಳೂರಿನ ಉತ್ತರಕ್ಕೆ ಚಿಕ್ಕಜಾಲದ ಬಳಿ ಮರುಬಳಕೆ ಘಟಕವಿದೆ. ಜಯನಗರದಿಂದ ಅಲ್ಲಿಗೆ ಸುಮಾರು 30 ಕಿ.ಮೀ. ಡೀಸೆಲ್, ಚಾಲಕನ ಕೂಲಿ, ವಾಹನ ದಟ್ಟಣೆಯಲ್ಲಿ ಕಳೆಯುವ ಹೊತ್ತು ಸೇರಿದರೆ ಒಂದು ಟಿಪ್ಪರ್ ದಿನಕ್ಕೆ ಸುತ್ತಬಹುದಾದ ಸುತ್ತು ಕೆಲವೇ. ಹತ್ತಿರದ ಖಾಲಿ ಸೈಟು, ರಾಜಕಾಲುವೆ, ಕೆರೆಯಂಚಿನಲ್ಲಿ ರಾತ್ರಿ ಸುರಿದರೆ ಆ ಖರ್ಚು ಉಳಿಯುತ್ತದೆ. ಸುರಿದವನು ಉಳಿಸಿದ ಹಣವನ್ನು ಮಳೆನೀರು ನುಗ್ಗಿದ ಬಡಾವಣೆಯೂ ಹೂಳೆತ್ತುವ ಪಾಲಿಕೆಯೂ ತೆರುತ್ತವೆ.

ಘಟಕಕ್ಕೆ ಬಂದ ತ್ಯಾಜ್ಯವನ್ನು ತೂಗಿ, ಮರ, ಪ್ಲಾಸ್ಟಿಕ್ ಆರಿಸಿ, ಕ್ರಷರಿನಲ್ಲಿ ಒಡೆಯುತ್ತಾರೆ. ಅಯಸ್ಕಾಂತ ಕಬ್ಬಿಣವನ್ನು ಸೆಳೆಯುತ್ತದೆ. ಜರಡಿ ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತದೆ. ತೊಳೆಯುವ ಘಟಕವಾದರೆ ಮಣ್ಣಿನಂಶ ನೀರಿನಲ್ಲಿ ಹೋಗುತ್ತದೆ. ಕೊನೆಗೆ ಜಲ್ಲಿ, ಮರಳು, ಅವುಗಳಿಂದ ಮಾಡಿದ ಬ್ಲಾಕ್, ಪಾದಚಾರಿ ಮಾರ್ಗದ ಹಾಸು ದೊರೆಯುತ್ತವೆ. ಘಟಕಕ್ಕೆ ಎರಡು ಆದಾಯ: ತ್ಯಾಜ್ಯ ಸ್ವೀಕರಿಸಲು ಸಿಗುವ ಶುಲ್ಕ ಮತ್ತು ಉತ್ಪನ್ನದ ಮಾರಾಟ. ಯಂತ್ರ, ಜಾಗ, ವಿದ್ಯುತ್ತಿನ ವೆಚ್ಚ ಸರಕು ಬರಲಿ ಬಿಡಲಿ ತಪ್ಪಿದ್ದಲ್ಲ. ಹಾಗಾಗಿ ಸಾಮರ್ಥ್ಯಕ್ಕೆ ತಕ್ಕ ತ್ಯಾಜ್ಯ ಬಾರದಿದ್ದರೆ ಪ್ರತಿ ಟನ್ನಿನ ಖರ್ಚು ಏರುತ್ತದೆ. ಬಂದ ಸರಕಿನಲ್ಲಿ ಮನೆಯ ಕಸ ಬೆರೆತಿದ್ದರೆ ಆರಿಸುವ ಕೂಲಿಯೂ ಹೆಚ್ಚುತ್ತದೆ.

ಮಾರಾಟವೂ ಸುಲಭವಲ್ಲ. ಮರುಬಳಕೆಯ ಜಲ್ಲಿಗೆ ಹಳೆಯ ಗಾರೆ ಅಂಟಿಕೊಂಡಿರುವುದರಿಂದ ಅದು ಹೆಚ್ಚು ನೀರು ಹೀರುತ್ತದೆ. ಭಾರತೀಯ ಮಾನಕ ಐಎಸ್ 383, 2016ರ ಪರಿಷ್ಕರಣೆಯಲ್ಲಿ ಇದಕ್ಕೆ ಮಿತಿ ಹಾಕಿ ಒಪ್ಪಿಗೆ ಕೊಟ್ಟಿತು. ಹಳೆ ಕಾಂಕ್ರೀಟಿನಿಂದ ಬಂದ ಜಲ್ಲಿಯನ್ನು ಸರಳು ಹಾಕಿದ ಕಾಂಕ್ರೀಟಿನಲ್ಲಿ ಎಂ-25 ದರ್ಜೆಯವರೆಗೆ ಶೇ 20ರಷ್ಟು, ಸಾದಾ ಕಾಂಕ್ರೀಟಿನಲ್ಲಿ ಶೇ 25ರಷ್ಟು ಬಳಸಬಹುದು. ಆದರೆ ಗಣಿಯ ಕಲ್ಲಿನ ಬೆಲೆಯಲ್ಲಿ ಕರಗಿದ ಬೆಟ್ಟದ, ಎದ್ದ ದೂಳಿನ ಲೆಕ್ಕ ಸೇರುವುದಿಲ್ಲ. ಹೊಸ ಜಲ್ಲಿಗಿಂತ ಗಣನೀಯವಾಗಿ ಅಗ್ಗವಾಗದ ಹೊರತು ಹಳೆಯದನ್ನು ಗುತ್ತಿಗೆದಾರ ಕೊಳ್ಳುವುದಿಲ್ಲ.

ಈ ಅಸಮತೋಲನವನ್ನು ಯುರೋಪ್ ತೆರಿಗೆ ಮತ್ತು ನಿಷೇಧದಿಂದ ಸರಿಪಡಿಸಿತು. ಬ್ರಿಟನ್ 1996ರಲ್ಲಿ ತ್ಯಾಜ್ಯ ಹೂಳುವುದಕ್ಕೂ 2002ರಲ್ಲಿ ಹೊಸದಾಗಿ ಅಗೆದ ಕಲ್ಲು, ಮರಳಿಗೂ ತೆರಿಗೆ ವಿಧಿಸಿತು. ನೆದರ್ಲೆಂಡ್ಸ್ 1997ರಲ್ಲಿ ಮರುಬಳಸಬಲ್ಲ ಕಟ್ಟಡ ತ್ಯಾಜ್ಯವನ್ನು ಹೂಳುವುದನ್ನೇ ನಿಷೇಧಿಸಿತು. ಅಲ್ಲಿ ಈಗ ಶೇ 95ಕ್ಕೂ ಹೆಚ್ಚು ಭಾಗ ಮರಳಿ ಬಳಕೆಯಾಗುತ್ತದೆ, ಅದರಲ್ಲಿ ಬಹುಪಾಲು ರಸ್ತೆಯ ತಳಪಾಯಕ್ಕೆ.

ಭಾರತದಲ್ಲಿ ದೆಹಲಿಯ ಬುರಾರಿ ಘಟಕ 2009ರಲ್ಲಿ ದಿನಕ್ಕೆ 500 ಟನ್ ಸಾಮರ್ಥ್ಯದೊಂದಿಗೆ ಆರಂಭವಾಗಿ 2,000 ಟನ್ನಿಗೆ ಬೆಳೆಯಿತು. ಸರ್ಕಾರಿ ಕಾಮಗಾರಿಗಳ ಬೇಡಿಕೆ ಅದರ ಬೆನ್ನಿಗಿತ್ತು: ಸುಪ್ರೀಂ ಕೋರ್ಟಿನ ಹೆಚ್ಚುವರಿ ಕಟ್ಟಡಕ್ಕೆ ಮರುಬಳಕೆಯ ಸುಮಾರು 18 ಲಕ್ಷ ಬ್ಲಾಕ್‌ಗಳು ಬಳಕೆಯಾದವು. ಕೇಂದ್ರ ಸರ್ಕಾರದ 2016ರ ಕಟ್ಟಡ ತ್ಯಾಜ್ಯ ನಿರ್ವಹಣಾ ನಿಯಮಗಳು ದಿನಕ್ಕೆ 20 ಟನ್ನಿಗಿಂತ, ಇಲ್ಲವೇ ಒಂದು ಯೋಜನೆಯಿಂದ ತಿಂಗಳಿಗೆ 300 ಟನ್ನಿಗಿಂತ ಹೆಚ್ಚು ತ್ಯಾಜ್ಯ ಮಾಡುವವರು ಅದನ್ನು ವಿಂಗಡಿಸಿ ಕೊಟ್ಟು ಶುಲ್ಕ ಕಟ್ಟಬೇಕೆಂದವು. ಸರ್ಕಾರಿ ಗುತ್ತಿಗೆಗಳಲ್ಲಿ ಶೇ 10ರಿಂದ 20ರಷ್ಟು ಮರುಬಳಕೆಯ ಸಾಮಗ್ರಿಗೆ ಜಾಗ ಕಲ್ಪಿಸಿದವು. 2025ರಲ್ಲಿ ಹೊರಟ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ, 20,000 ಚದರ ಮೀಟರ್ ಅಥವಾ ಹೆಚ್ಚಿನ ವಿಸ್ತೀರ್ಣದ ಯೋಜನೆಗಳ ನಿರ್ಮಾಪಕರ ಮೇಲೆ ಮರುಬಳಕೆಯ ಹೊಣೆಯನ್ನೇ ಹೊರಿಸಿವೆ. ನಗರದ ತ್ಯಾಜ್ಯದಲ್ಲಿ ಸಣ್ಣ ಮನೆಗಳ ದುರಸ್ತಿಯ ಪಾಲೂ ದೊಡ್ಡದು. ಬಡಾವಣೆಗೆ ಹತ್ತಿರದಲ್ಲಿ ಸಂಗ್ರಹಣಾ ಕೇಂದ್ರ, ಕೈಗೆಟುಕುವ ಸಾಗಣೆ ದರ, ಕದ್ದು ಸುರಿದವರಿಗೆ ಆ ದರಕ್ಕಿಂತ ಭಾರವಾದ ದಂಡ ಇವಿಷ್ಟೂ ಇದ್ದಲ್ಲಿ ಮಾತ್ರ ಆ ಪಾಲು ಘಟಕದ ಬಾಗಿಲಿಗೆ ಬರುತ್ತದೆ.