ಪಾರ್ಲೆಯಿಂದ ದ್ರಾಕ್ಷಿಯ ಊರಿಗೆ

ಮುಂಬಯಿಯ ವಿಲೆ ಪಾರ್ಲೆಯಲ್ಲಿ ಬೆಳೆದ ನಮಗೆ ಊರು ಮೊದಲು ಪರಿಚಯವಾದದ್ದು ಮೂಗಿನಿಂದ. ಲೋಕಲ್ ರೈಲು ಸ್ಟೇಷನ್ ಸಮೀಪಿಸುವಾಗಲೇ ಬಿಸಿ ಬಿಸ್ಕತ್ತಿನ ಪರಿಮಳ ಬೋಗಿಯೊಳಗೆ ನುಗ್ಗುತ್ತಿತ್ತು. 1929ರಲ್ಲಿ ಹುಟ್ಟಿದ ಆ ಪಾರ್ಲೆ ಕಾರ್ಖಾನೆ 2016ರಲ್ಲಿ ಕೆಲಸ ನಿಲ್ಲಿಸಿತು. ನಾಲ್ಕನೇ ಕ್ಲಾಸಿನ ನನ್ನ ಮಗಳಿಗೆ ಆ ಪರಿಮಳ ಗೊತ್ತಿಲ್ಲ. ಒಂದು ವಸ್ತು ತಯಾರಾಗುವ ಜಾಗದ ವಾಸನೆಯನ್ನು ಅವಳೂ ಒಮ್ಮೆ ಎಳೆದುಕೊಳ್ಳಲಿ ಎಂದು ಫೆಬ್ರವರಿಯ ಒಂದು ಶನಿವಾರ ನಸುಕಿನಲ್ಲೇ ನಾಸಿಕ್‌ನ ಒಂದು ವೈನ್ ಮನೆಯ ಕಡೆಗೆ ಕಾರು ತಿರುಗಿಸಿದೆವು.

ಅಪ್ಪ ಬರುತ್ತಾರೆಂದು ನಾನು ಎಣಿಸಿರಲಿಲ್ಲ. ನನ್ನಜ್ಜ ಕಾಪು ಬಳಿ ಮೂರ್ತೆ ಕಟ್ಟುತ್ತಿದ್ದವರು, ಎಂದರೆ ತೆಂಗಿನ ಮರವೇರಿ ಕಳ್ಳು ಇಳಿಸುತ್ತಿದ್ದವರು. ಅಪ್ಪ ಹದಿನೆಂಟಕ್ಕೇ ಮುಂಬಯಿಯ ಕ್ಯಾಂಟೀನು ಸೇರಿದರು. ಕಳ್ಳು ಇಳಿಸಬೇಡಿ, ಮಾರಬೇಡಿ, ಕುಡಿಯಬೇಡಿ ಎಂದ ನಾರಾಯಣ ಗುರುಗಳ ಮಾತು ಬಿಲ್ಲವರಾದ ನಮ್ಮ ಮನೆಯಲ್ಲಿ ಗಟ್ಟಿಯಾಗಿ ನಿಂತಿತ್ತು. ಆ ಗುರುಗಳೇ 1912ರಲ್ಲಿ ಪ್ರತಿಷ್ಠೆ ಮಾಡಿದ ಮಂಗಳೂರಿನ ಕುದ್ರೋಳಿ ಕ್ಷೇತ್ರದ ಪಟ ನಮ್ಮ ದೇವರ ಕೋಣೆಯಲ್ಲಿದೆ. ಪಕ್ಕದ ಸಾಂತಾಕ್ರೂಜಿನ ಬಿಲ್ಲವ ಭವನಕ್ಕೆ ಅಪ್ಪ ತಪ್ಪದೆ ಹೋಗುತ್ತಾರೆ. ಒಂದು ತೊಟ್ಟೂ ಮುಟ್ಟದ ಮನುಷ್ಯ. "ಕುಡಿಯಲಿಕ್ಕಲ್ಲ ಮಾರಾಯ, ಹೇಗೆ ಮಾಡುತ್ತಾರೆಂದು ನೋಡಲಿಕ್ಕೆ" ಎಂದು ಮುಂದಿನ ಸೀಟಿನಲ್ಲಿ ಕೂತರು.

ಠಾಣೆ, ಭಿವಂಡಿ, ಶಹಾಪುರ ದಾಟಿ ಕಸಾರಾ ಘಾಟಿ ಹತ್ತಿದರೆ ಗಾಳಿಯೇ ಬೇರೆ. ನಾಸಿಕ್ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಹಗಲು ಬಿಸಿಲು, ಚಳಿಗಾಲದ ರಾತ್ರಿ ನಡುಕ. ದ್ರಾಕ್ಷಿಗೆ ಬೇಕಾದದ್ದೂ ಇದೇ.

ನಾವು ಹೋದದ್ದು ಗಂಗಾಪುರ ಅಣೆಕಟ್ಟಿನ ಬಳಿಯ ಸುಲಾ ದ್ರಾಕ್ಷಿತೋಟಕ್ಕೆ. ಕ್ಯಾಲಿಫೋರ್ನಿಯಾದಲ್ಲಿ ಓದಿ, ಅಲ್ಲೇ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ರಾಜೀವ್ ಸಾಮಂತ್ ಊರಿಗೆ ಮರಳಿ, ಮನೆಯವರ ಜಮೀನಿನಲ್ಲಿ ಮೊದಲು ಮಾವು, ತಿನ್ನುವ ದ್ರಾಕ್ಷಿ ಎಂದೆಲ್ಲ ಪ್ರಯತ್ನಿಸಿದವರು. 1997ರಲ್ಲಿ ವೈನಿನ ಬಳ್ಳಿ ನೆಟ್ಟರು, 2000ದಲ್ಲಿ ಮೊದಲ ವೈನ್ ಬಂತು. ಹೆಸರು ತಾಯಿ ಸುಲಭಾ ಅವರದ್ದು. ಮರುವರ್ಷವೇ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣಾ ನೀತಿ ತಂದಿತು. ಸುತ್ತಮುತ್ತ ಹತ್ತಾರು ವೈನ್ ಮನೆಗಳು ಎದ್ದವು, ರೈತರು ಒಪ್ಪಂದದ ಮೇಲೆ ಬೆಳೆಯತೊಡಗಿದರು.

ತೋಟದಲ್ಲಿ ಅಪ್ಪನ ಮೊದಲ ಪ್ರಶ್ನೆ: "ಫೆಬ್ರವರಿಯಲ್ಲಿ ಕೊಯ್ಲೋ?" ನಮಗೆ ತೋರಿಸುತ್ತಿದ್ದ ಹುಡುಗಿ ಖುಷಿಯಿಂದ ವಿವರಿಸಿದಳು. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗಿ, ಬೇಸಿಗೆ ಮುಗಿಯುವಾಗ ಹಣ್ಣು ಕೊಡುತ್ತದೆ. ಇಲ್ಲಿ ಹಾಗೆ ಬಿಟ್ಟರೆ ಹಣ್ಣೆಲ್ಲ ಮಳೆಗೆ ಕೊಳೆಯುತ್ತದೆ. ಅದಕ್ಕೇ ವರ್ಷಕ್ಕೆ ಎರಡು ಸಲ ಸವರುತ್ತಾರೆ: ಬೇಸಿಗೆಯಲ್ಲಿ ಒಮ್ಮೆ ರೆಂಬೆಗಾಗಿ, ಮಳೆ ಇಳಿಯುತ್ತಿದ್ದಂತೆ ಇನ್ನೊಮ್ಮೆ ಹಣ್ಣಿಗಾಗಿ. ಹಾಗಾಗಿ ಕೊಯ್ಲು ಜನವರಿಯಿಂದ ಮಾರ್ಚ್‌ವರೆಗೆ. ಋತುವನ್ನೇ ಬಳ್ಳಿಗೆ ಮರೆಸುವ ಈ ಕತ್ತರಿ ಕೆಲಸ ನನಗೆ ಇಡೀ ವೈನ್ ಮನೆಗಿಂತ ದೊಡ್ಡದಾಗಿ ಕಂಡಿತು.

ಮಗಳು ಒಂದು ಹಣ್ಣು ಬಾಯಿಗೆ ಹಾಕಿ ಮುಖ ಹುಳ್ಳಗೆ ಮಾಡಿದಳು. ಗಾತ್ರ ಚಿಕ್ಕದು, ಸಿಪ್ಪೆ ದಪ್ಪ, ತುಂಬ ಬೀಜ. ಆದರೆ ಬಾಯಲ್ಲಿ ಉಳಿದ ಸಿಹಿ ಪೇಟೆಯ ದ್ರಾಕ್ಷಿಯಲ್ಲಿ ಸಿಗುವಂಥದ್ದಲ್ಲ.

ಒಳಗೆ ಸ್ಟೀಲಿನ ಎತ್ತರದ ಟ್ಯಾಂಕುಗಳು. ಬಿಳಿ ವೈನಿಗೆ ದ್ರಾಕ್ಷಿ ಹಿಂಡಿ, ಸಿಪ್ಪೆ ಬೇರ್ಪಡಿಸಿ, ರಸವನ್ನಷ್ಟೇ ತಂಪಿನಲ್ಲಿ ಹುದುಗಿಸುತ್ತಾರೆ. ಕೆಂಪು ವೈನು ಸಿಪ್ಪೆಯ ಜೊತೆಗೇ ಹುದುಗಬೇಕು, ಬಣ್ಣವೂ ಒಗರೂ ಬರುವುದು ಸಿಪ್ಪೆಯಿಂದ. ಯೀಸ್ಟ್ ಸಕ್ಕರೆ ತಿಂದು ಮದ್ಯಸಾರ ಮಾಡುತ್ತದೆ. ಬೆಚ್ಚಗಾದರೆ ಅವಸರ ಮಾಡಿ ಪರಿಮಳ ಕೆಡಿಸುತ್ತದೆ. ಅದಕ್ಕೇ ಟ್ಯಾಂಕಿನ ಸುತ್ತ ತಣ್ಣೀರಿನ ಕವಚ.

ಅಪ್ಪ ಅಲ್ಲೇ ನಿಂತುಬಿಟ್ಟರು. ಕಣ್ಣು ಮುಚ್ಚಿ ಉಸಿರೆಳೆದು, "ಕಲಿ" ಎಂದರು. ತುಳುವಿನಲ್ಲಿ ಕಳ್ಳು. ಬೇರೇನೂ ಹೇಳಲಿಲ್ಲ. ಮಗಳೂ ಅವರ ಪಕ್ಕ ನಿಂತು ಮೂಗು ಅರಳಿಸಿದಳು. "ದೋಸೆ ಹಿಟ್ಟು ಉಬ್ಬಿದ ಹಾಗೆ, ಅಜ್ಜ."

"ಹೌದು ಮಗಾ, ಅದೇ."

ಆಮೇಲೆ ಅವರ ಬಾಯಿ ಬಿಚ್ಚಿತು. ಕಳ್ಳಿಗೆ ಯೀಸ್ಟ್ ಹಾಕುವವರಿಲ್ಲ, ಗಾಳಿಯಲ್ಲೂ ಮಡಕೆಯಲ್ಲೂ ಇರುವುದೇ ಸಾಕು. ಬೆಳಿಗ್ಗೆ ಇಳಿಸಿದ್ದು ಮಧ್ಯಾಹ್ನಕ್ಕೆ ನೊರೆಗಟ್ಟುತ್ತದೆ, ಮರುದಿನಕ್ಕೆ ಹುಳಿ. ಸಿಹಿಯಾಗಿಯೇ ನೀರಾ ಬೇಕಾದರೆ ಮಡಕೆಯೊಳಗೆ ಸುಣ್ಣ ಬಳಿಯಬೇಕು. ಮಂಗಳೂರಿನ ಕ್ರೈಸ್ತರ ಮನೆಗಳ ‘ಸಣ್ಣ’ ಎಂಬ ಇಡ್ಲಿಯಂಥ ತಿಂಡಿ ಉಬ್ಬುತ್ತಿದ್ದದ್ದೂ ಈ ಕಳ್ಳಿನಿಂದಲೇ. ವೈನಿನಂತೆ ವರ್ಷಗಟ್ಟಲೆ ಕಾಯುವ ಮಾತೇ ಇಲ್ಲ. ಮೂರ್ತೆಯವನ ಲೆಕ್ಕವೆಲ್ಲ ಗಂಟೆಗಳಲ್ಲಿ. ತೋರಿಸುತ್ತಿದ್ದ ಹುಡುಗಿ ಇದನ್ನೆಲ್ಲ ಕೇಳುತ್ತ ಮುಂದಿನ ಗುಂಪನ್ನು ಕಾಯಿಸಿದಳು.

ರುಚಿ ನೋಡುವ ಕೋಣೆ ಶುರುವಾದದ್ದು 2005ರಲ್ಲಿ. ಮಹಾರಾಷ್ಟ್ರದಲ್ಲಿ ವೈನಿಗೆ 21 ತುಂಬಿರಬೇಕು. ನಾನೂ ಹೆಂಡತಿಯೂ ಲೋಟ ತಿರುಗಿಸಿ, ಮೂಸಿ, ಗುಟುಕರಿಸಿದೆವು. ಅಪ್ಪ ಲೋಟ ಮೂಗಿಗೆ ಹಿಡಿದು, ತುಟಿಗೆ ತಾಗಿಸದೆ ಹಿಂದಿಟ್ಟರು. ಗುರುಗಳ ಮಾತು ಮೀರಲಿಲ್ಲ, ಅಜ್ಜನ ಕಸುಬಿಗೂ ಬೆನ್ನು ತಿರುಗಿಸಲಿಲ್ಲ. ನನಗೆ ಗಂಟಲು ಕಟ್ಟಿತು.

ಸಂಜೆ ಘಾಟಿ ಇಳಿಯುವಾಗ ಮಗಳು ಕೇಳಿದಳು, "ಮರದಿಂದ ರಸ ಹೇಗೆ ಬರುತ್ತದೆ ಅಜ್ಜ?" ಅಪ್ಪ ಡ್ಯಾಶ್‌ಬೋರ್ಡಿನ ಮೇಲೆ ಎರಡು ಬೆರಳಲ್ಲಿ ತಟ್ಟತೊಡಗಿದರು. ಅರಳದ ಹೊಂಬಾಳೆಯನ್ನು ಹೀಗೆ ದಿನವೂ ಸುತ್ತ ಬಡಿಯಬೇಕು. ಜೋರಾದರೆ ಒಳಗೆ ನಜ್ಜುಗುಜ್ಜು, ಮೆತ್ತಗಾದರೆ ರಸ ಇಳಿಯದು. ತುದಿ ಕೊಯ್ಯುವುದು ಆಮೇಲೆ. ಹಿಂದಿನ ಸೀಟಿನಿಂದ ಮಗಳೂ ಬಾಗಿಲಿನ ಮೇಲೆ ತಟ್ಟಿದಳು. "ಇಲ್ಲ, ಇನ್ನೂ ನಿಧಾನ" ಎಂದರು ಅಪ್ಪ. ಶಹಾಪುರ ಬರುವವರೆಗೂ ಇಬ್ಬರೂ ತಟ್ಟುತ್ತಲೇ ಇದ್ದರು.